ತೇರಿದಾಳ ಹನ್ನೆರಡು: ಒಂದು ಕಿರುಮಂಡಲದ ಒಡೆತನ ಮತ್ತು ‘ಊಳಿಗಮಾನ್ಯ’ ಎಂಬ ಮಾತು

ರನ್ನಕವಿಯು ‘ಅಜಿತಪುರಾಣ’ದಲ್ಲಿ (ಕ್ರಿ.ಶ. 993) ತನ್ನ ಹುಟ್ಟೂರಾದ ಮುದುವೊಳಲನ್ನು ಪರಿಚಯಿಸುವಾಗ ಅದು ಬೆಳುಗಲಿ ಐನೂರರೊಳಗಣ ಜಂಬುಖಂಡಿ ಎಪ್ಪತ್ತರಲ್ಲಿದೆಯೆಂದು ಹೇಳುತ್ತಾನೆ. ಮುದುವೊಳಲು ಇಂದಿನ ಮುಧೋಳ. ಜಂಬುಖಂಡಿ ಇಂದಿನ ಜಮಖಂಡಿ. ಬೆಳುಗಲಿಯು ಕವಿಯ ಹೆಸರನ್ನೇ ತಲೆಯ ಮೇಲೆ ಹೊತ್ತು ‘ರನ್ನ ಬೆಳಗಲಿ’ಯಾಗಿ ಉಳಿದಿದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿಗೆ ತನ್ನ ಊರನ್ನು ಹೇಳಲು ಯಾವ ರಾಜ್ಯದ ಹೆಸರೂ ಮೊದಲಿಗೆ ಬೇಕಾಗಲಿಲ್ಲ, ಎರಡು ಸಂಖ್ಯೆಗಳು ಸಾಕಾದವು ಎಂಬುದು ಕುತೂಹಲದ ಸಂಗತಿ. ಅದೇ ಕವಿ ತನಗೆ ದೊರೆತ ಆಶ್ರಯವನ್ನು ನೆನೆಯುವಾಗಲೂ ಒಂದು ಏಣಿಯನ್ನು ಮುಂದಿಡುತ್ತಾನೆ. ಮೊದಲು ಸಾಮಂತರು, ಆಮೇಲೆ ಮಂಡಲೇಶ್ವರರು, ಕೊನೆಗೆ ಚಕ್ರವರ್ತಿ. ಕವಿಯ ಬಾಳಿನ ಏರಿಕೆಯನ್ನು ತಿಳಿಸುವ ಈ ಮೂರು ಮೆಟ್ಟಿಲುಗಳು ಅಂದಿನ ರಾಜಕೀಯ ವ್ಯವಸ್ಥೆಯ ಮೆಟ್ಟಿಲುಗಳೂ ಆಗಿವೆ.

ನಮ್ಮ ಚರಿತ್ರೆಯ ಪುಸ್ತಕಗಳು ಈ ಏಣಿಯನ್ನು ಸಾಮಾನ್ಯವಾಗಿ ಮೇಲಿನಿಂದ ನೋಡುತ್ತವೆ. ಕಲ್ಯಾಣದ ಚಾಲುಕ್ಯರಿಗೆ ಒಂದು ಸಂಪುಟ ಮೀಸಲಾದರೆ ಸವದತ್ತಿಯ ರಟ್ಟರಿಗೆ ಒಂದು ಅಧ್ಯಾಯ, ಬಾಗಡಗೆಯ ಸಿಂದರಿಗೆ ಕೆಲವು ಪುಟ ದೊರೆಯುತ್ತವೆ. ಅದರ ಕೆಳಗೆ, ಹತ್ತು ಹನ್ನೆರಡು ಹಳ್ಳಿಗಳ ಒಡೆಯನಾಗಿದ್ದವನಿಗೆ ದೊರೆಯುವುದು ಒಂದು ಅಡಿಟಿಪ್ಪಣಿ ಮಾತ್ರ. ಈ ಕೆಳಗಿನ ಮೆಟ್ಟಿಲನ್ನು ವಿವರಿಸಬೇಕಾದಾಗ ನಾವು ‘ಊಳಿಗಮಾನ್ಯ ಪದ್ಧತಿ’ ಎಂಬ ಸಿದ್ಧಪದವನ್ನು ಬಳಸಿ ಮುಂದೆ ಸಾಗುತ್ತೇವೆ. ತರಗತಿಯಲ್ಲಿ ಅದು ಅನುಕೂಲದ ಪದ. ಆದರೆ ಅದು ಈ ಸಣ್ಣ ಒಡೆಯನ ಸ್ಥಿತಿಯನ್ನು ನಿಜವಾಗಿ ಹೇಳುತ್ತದೆಯೇ? ಜಮಖಂಡಿ ಸೀಮೆಯ ತೇರದಾಳದ ಒಂದು ಶಾಸನವನ್ನು ನಡುವಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗೊಂಕನ ಶಾಸನ

ಕೃಷ್ಣಾನದಿಯ ದಕ್ಷಿಣಕ್ಕೆ, ರಬಕವಿ-ಬನಹಟ್ಟಿಗಳ ನೆರೆಯಲ್ಲಿರುವ ತೇರದಾಳವನ್ನು ಇಂದು ಜನ ಹೆಚ್ಚಾಗಿ ಬಲ್ಲುದು ಅಲ್ಲಮಪ್ರಭುವಿನ ದೇವಾಲಯದಿಂದ. ಅದೇ ಊರಿನ ನೇಮಿನಾಥ ಬಸದಿಯ ಹಳಗನ್ನಡ ಶಾಸನವನ್ನು ಕೆ.ಬಿ. ಪಾಠಕರು 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ 14ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನಗಳಲ್ಲಿ ಊರಿನ ಹೆಸರು ತೇರಿದಾಳ. ಅದು ಕೂಂಡಿ ಮೂರುಸಾಸಿರದೊಳಗೆ ಹನ್ನೆರಡು ಹಳ್ಳಿಗಳ ಒಂದು ಗುಂಪಿಗೆ ತಲೆಯೂರಾಗಿತ್ತು. ಶಕವರ್ಷ 1045ರಲ್ಲಿ, ಅಂದರೆ ಕ್ರಿ.ಶ. 1123ರ ಸುಮಾರಿಗೆ, ಅಲ್ಲಿನ ಮಂಡಳಿಕ ಗೊಂಕನು ನೇಮಿನಾಥನಿಗೆ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟನು. ಆಗ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ (1076-1126). ಅವನ ಅಧೀನದಲ್ಲಿ ಕೂಂಡಿ ಮೂರುಸಾಸಿರವನ್ನು ಆಳುತ್ತಿದ್ದವರು ರಟ್ಟರು. ದಾನದ ಸಂದರ್ಭದೊಡನೆ ರಟ್ಟ ಮಹಾಮಂಡಳೇಶ್ವರ ಕಾರ್ತವೀರ್ಯನ ಹೆಸರೂ, ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯ ಮಾಘನಂದಿ ಸೈದ್ಧಾಂತಿಕನ ಹೆಸರೂ ಕೂಡಿಬಂದಿವೆ.

ಸಂಖ್ಯೆಗಳನ್ನು ಒಮ್ಮೆ ಸಾಲಾಗಿ ನೋಡಬೇಕು. ರಟ್ಟರಿಗೆ ಮೂರುಸಾವಿರ, ಕವಿ ಹೇಳಿದ ಬೆಳುಗಲಿಗೆ ಐನೂರು, ಜಂಬುಖಂಡಿಗೆ ಎಪ್ಪತ್ತು, ತೇರಿದಾಳಕ್ಕೆ ಹನ್ನೆರಡು. ಈ ಸಂಖ್ಯೆಗಳು ಹಳ್ಳಿಗಳನ್ನು ಸೂಚಿಸುತ್ತವೆಯೋ ಕಂದಾಯದ ಆದಾಯವನ್ನು ಸೂಚಿಸುತ್ತವೆಯೋ ಎಂಬ ವಾದ ಫ್ಲೀಟ್, ರೈಸ್ ಅವರ ಕಾಲದಿಂದ ನಡೆದುಬಂದಿದೆ. ತೊಂಬತ್ತಾರುಸಾಸಿರದಂಥ ದೊಡ್ಡ ಸಂಖ್ಯೆಗಳ ವಿಷಯದಲ್ಲಿ ಆ ವಾದಕ್ಕೆ ಅರ್ಥವುಂಟು. ಹನ್ನೆರಡು, ಮೂವತ್ತು, ಎಪ್ಪತ್ತು ಎಂಬ ಸಣ್ಣ ಸಂಖ್ಯೆಗಳನ್ನು ಹಳ್ಳಿಗಳ ಎಣಿಕೆಯೆಂದೇ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಹಾಗೆ ತೆಗೆದುಕೊಂಡರೆ ಗೊಂಕನ ನಾಡು ಎತ್ತಿನ ಬಂಡಿಯಲ್ಲಿ ಒಂದೆರಡು ದಿನಗಳಲ್ಲಿ ಸುತ್ತಿಬರಬಹುದಾದ ಪ್ರದೇಶ. ಇಷ್ಟು ಚಿಕ್ಕ ನಾಡಿನ ಒಡೆಯನಿಗೂ ‘ಮಂಡಳಿಕ’ ಎಂಬ ಮಾತು ಸಲ್ಲುತ್ತಿತ್ತು.

ಈ ಬಗೆಯ ಶಾಸನಗಳಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಇರುವ ಸಂಬಂಧವನ್ನು ಹೇಳುವ ಸೂತ್ರವಾಕ್ಯ ‘ತತ್ಪಾದಪದ್ಮೋಪಜೀವಿ’. ಅವನ ಪಾದಪದ್ಮವನ್ನು ಆಶ್ರಯಿಸಿ ಬಾಳುವವನು ಎಂದು ಅದರ ಅರ್ಥ. ಹೂವನ್ನು ಆಶ್ರಯಿಸಿದ ದುಂಬಿಯ ಚಿತ್ರ ಅದರಲ್ಲಿ ಅಡಗಿದೆ. ಚಕ್ರವರ್ತಿಯ ವರ್ಣನೆ ಮುಗಿದೊಡನೆ ಈ ಪದ, ಅದರ ಬೆನ್ನಿಗೆ ಮಹಾಮಂಡಳೇಶ್ವರನ ಬಿರುದಾವಳಿ, ಮತ್ತೆ ಅಂಥದೇ ಒಂದು ಪದ, ಆಮೇಲೆ ಕೆಳಗಿನವನ ಹೊಗಳಿಕೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಪದ ಆಶ್ರಯವನ್ನು ಹೇಳುತ್ತದೆ, ಷರತ್ತನ್ನು ಹೇಳುವುದಿಲ್ಲ. ಎಷ್ಟು ಕುದುರೆ ಕಳಿಸಬೇಕು, ಎಷ್ಟು ದಿನ ದಂಡಿನಲ್ಲಿ ಇರಬೇಕು, ತಪ್ಪಿದರೆ ನಾಡು ಯಾರ ಪಾಲಾಗಬೇಕು ಎಂಬ ಲೆಕ್ಕಕ್ಕೆ ಆ ಸೂತ್ರದಲ್ಲಿ ಎಡೆಯಿಲ್ಲ. ತೇರಿದಾಳದ ಶಾಸನದ ವಿಷಯವೂ ಗೊಂಕನು ಪಡೆದದ್ದಲ್ಲ, ಗೊಂಕನು ಕೊಟ್ಟದ್ದು. ಅವನ ಒಡೆತನ ನಮಗೆ ಗೋಚರಿಸುವುದು ಅವನ ಕೊಡುಗೆಯ ಮೂಲಕವೇ.

ಗುರು ಯಾರ ಸೀಮೆಯವನು?

ಗೊಂಕನ ಗುರು ಮಾಘನಂದಿಯ ಸಂಗತಿ ರಾಜಕೀಯ ಚರಿತ್ರೆಯ ದೃಷ್ಟಿಯಿಂದಲೂ ಮಹತ್ವದ್ದು. ಇವನು ಕೊಂಡಕುಂದಾನ್ವಯ, ದೇಸಿಗಣ, ಪುಸ್ತಕಗಚ್ಛಕ್ಕೆ ಸೇರಿದವನು. ಇವನ ನೆಲೆಯಾದ ಕೊಲ್ಲಾಪುರ ರಟ್ಟರದಲ್ಲ, ಶಿಲಾಹಾರರದು. ರೂಪನಾರಾಯಣ ಎಂಬುದು ಶಿಲಾಹಾರ ದೊರೆ ಗಂಡರಾದಿತ್ಯನ ಬಿರುದು. ಆ ಬಿರುದಿನ ಹೆಸರಿನ ಬಸದಿಯನ್ನು ಕಟ್ಟಿಸಿದವನು ಅವನ ಸಾಮಂತ ನಿಂಬದೇವ. ನಿಂಬದೇವನೂ ಮಾಘನಂದಿಯ ಶಿಷ್ಯನೇ. ಶ್ರವಣಬೆಳಗೊಳದ 1163ರ ದೇವಕೀರ್ತಿ ಪಂಡಿತನ ನಿಸಿದಿ ಶಾಸನ ಈ ಆಚಾರ್ಯನ ಗೃಹಸ್ಥ ಶಿಷ್ಯರನ್ನು ಎಣಿಸುವಾಗ ಸಾಮಂತ ಕೇದಾರ ನಾಕರಸ, ಸಾಮಂತ ನಿಂಬದೇವ, ಸಾಮಂತ ಕಾಮದೇವ ಎನ್ನುತ್ತದೆ. ಮೂವರ ಹೆಸರಿನ ಹಿಂದೆಯೂ ‘ಸಾಮಂತ’ ಎಂಬ ಮಾತಿದೆ. ಹಾಗೆಂದರೆ ಮಾಘನಂದಿಯ ಸುತ್ತ ನೆರೆದಿದ್ದವರು ಚಕ್ರವರ್ತಿಗಳಲ್ಲ, ಏಣಿಯ ನಡುವಿನ ಮತ್ತು ಕೆಳಗಿನ ಮೆಟ್ಟಿಲುಗಳ ಒಡೆಯರು.

ಆದುದರಿಂದ ಗೊಂಕನಿಗೆ ಎರಡು ನಿಷ್ಠೆಗಳಿದ್ದವು, ಅವೆರಡೂ ಒಂದೇ ದಿಕ್ಕಿನವಲ್ಲ. ರಾಜಕೀಯದ ದಾರಿ ಅವನನ್ನು ದಕ್ಷಿಣಕ್ಕೆ, ಸುಗಂಧವರ್ತಿಯ, ಅಂದರೆ ಸವದತ್ತಿಯ, ರಟ್ಟರಿಗೆ ಕಟ್ಟಿತ್ತು. ಧರ್ಮದ ದಾರಿ ಪಶ್ಚಿಮಕ್ಕೆ, ರಟ್ಟರಿಗೆ ಸೇರದ ಕೊಲ್ಲಾಪುರಕ್ಕೆ ಕಟ್ಟಿತ್ತು. ಆ ಕಾಲದ ಶಿಲಾಹಾರರೂ ಚಾಲುಕ್ಯ ಸಾಮ್ರಾಜ್ಯದ ಮಹಾಮಂಡಳೇಶ್ವರರೇ ಆಗಿದ್ದರೂ ತಮ್ಮ ನೆರೆಯ ಮಂಡಲಗಳೊಡನೆ ಕಾದಾಡುವುದನ್ನು ಬಿಟ್ಟವರಲ್ಲ. ಸಿಂದರ ಎರಡನೆಯ ಆಚುಗಿಯ ಪ್ರಶಸ್ತಿಯಲ್ಲಿ ಭೋಜನನ್ನು ಹಿಮ್ಮೆಟ್ಟಿಸಿದ ಮಾತು ಬರುತ್ತದೆ. ಈ ಭೋಜನನ್ನು ವಿದ್ವಾಂಸರು ಶಿಲಾಹಾರ ಭೋಜನೆಂದೇ ಗುರುತಿಸುತ್ತಾರೆ. ಇಂಥ ಪರಿಸರದಲ್ಲಿ ಕೃಷ್ಣೆಯ ದಡದ ಹನ್ನೆರಡು ಹಳ್ಳಿಗಳ ಒಡೆಯ ಒಬ್ಬ ಮಹಾಮಂಡಳೇಶ್ವರನ ಆಶ್ರಯದಲ್ಲಿದ್ದು ಮತ್ತೊಬ್ಬ ಮಹಾಮಂಡಳೇಶ್ವರನ ಸೀಮೆಯ ಆಚಾರ್ಯನನ್ನು ಗುರುವಾಗಿ ಸ್ವೀಕರಿಸಿದ್ದು ಕೇವಲ ಭಕ್ತಿಯ ಸಂಗತಿಯಾಗಿ ಕಾಣುವುದಿಲ್ಲ. ಗಡಿಯಂಚಿನ ಸಣ್ಣ ಒಡೆಯನಿಗೆ ಗಡಿಯಾಚೆಯ ಗೌರವವೂ ಒಂದು ರಕ್ಷೆ. ಭಕ್ತಿ ಸುಳ್ಳೆಂದು ಇದರ ಅರ್ಥವಲ್ಲ. ಬಸದಿಯನ್ನು ಕಟ್ಟಿಸಿದವನ ಶ್ರದ್ಧೆಯನ್ನು ಶಂಕಿಸಲು ನಮಗೆ ಕಾರಣವಿಲ್ಲ. ಆದರೆ ಶ್ರದ್ಧೆ ತನ್ನ ಕಾಲದ ಹೊರಗೆ ನಡೆಯುವುದಿಲ್ಲ.

ರಟ್ಟರ ಕಣ್ಣಿಗೆ ಇದು ದ್ರೋಹವಾಗಿ ಕಂಡಿಲ್ಲ ಎಂಬುದೂ ಸ್ಪಷ್ಟ. ಕಾರ್ತವೀರ್ಯನ ಹೆಸರು ಅದೇ ಕಲ್ಲಿನಲ್ಲಿ ಗೌರವದಿಂದ ನಿಂತಿದೆ. ರಟ್ಟರೂ ಜಿನಭಕ್ತರೇ. ಅವರ ವಂಶದ ಆರಂಭವನ್ನು ಹೇಳುವ ಸವದತ್ತಿಯ ಶಾಸನದಲ್ಲಿ ಪೃಥ್ವೀರಾಮನ ಹೆಸರು ಬಸದಿಯೊಡನೆಯೇ ಬರುತ್ತದೆ. 1204ರಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ವೇಣುಗ್ರಾಮದಲ್ಲಿ, ಅಂದರೆ ಬೆಳಗಾವಿಯಲ್ಲಿ, ಬಸದಿ ಕಟ್ಟಿಸಿದನು. ಮೇಲಿನವನ ಧರ್ಮವೂ ಕೆಳಗಿನವನ ಧರ್ಮವೂ ಒಂದೇ ಆದಾಗ ಕಿರಿಯ ಒಡೆಯನ ದಾನದಲ್ಲಿ ಹಿರಿಯ ಒಡೆಯ ಪಾಲ್ಗೊಳ್ಳುವುದು ಇಬ್ಬರಿಗೂ ಮಾನ ತರುವ ಕೆಲಸವಾಗುತ್ತದೆ.

ಜರ್ಮನ್ ನಾಡಿನ ಕಿರಿಯ ಒಡೆಯ

‘ಊಳಿಗಮಾನ್ಯ’ ಎಂಬುದು ‘ಫ್ಯೂಡಲ್’ ಎಂಬ ಯುರೋಪಿನ ಮಾತಿಗೆ ನಾವು ಕಟ್ಟಿಕೊಂಡ ಪರ್ಯಾಯ. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ತೆರಿಗೆಯಿಲ್ಲದೆ ಅನುಭವಿಸುವ ಭೂಮಿ. ಸೇವೆಗಾಗಿ ಕೊಟ್ಟ ಭೂಮಿ ಎಂದು ಪದ ತಾನೇ ಹೇಳುತ್ತದೆ. ಆದ್ದರಿಂದ ಮೂಲದಲ್ಲಿ ಆ ವ್ಯವಸ್ಥೆ ಹೇಗಿತ್ತೆಂಬುದನ್ನು ಸ್ವಲ್ಪ ನೋಡುವುದು ಅವಶ್ಯ. ಹೋಲಿಕೆಗೆ ಜರ್ಮನ್ ನಾಡು ಅನುಕೂಲ. ಅಲ್ಲಿಯೂ ಮೇಲೆ ಒಬ್ಬ ಚಕ್ರವರ್ತಿ, ಕೆಳಗೆ ಹತ್ತಾರು ಹಳ್ಳಿಗಳ ಅಸಂಖ್ಯ ಒಡೆಯರು. ಗೊಂಕನ ಕಾಲವೇ ಅಲ್ಲಿಯೂ ಇಂಥ ಸಣ್ಣ ಒಡೆತನಗಳು ಕೋಟೆ ಕಟ್ಟಿಕೊಂಡು ಬೇರುಬಿಟ್ಟ ಕಾಲ.

ಅಲ್ಲಿನ ಪದ್ಧತಿಯ ತಿರುಳು ‘ಲೇನ್’, ಅಂದರೆ ಷರತ್ತಿನ ಮೇಲೆ ಪಡೆದ ಭೂಮಿ. ಪಡೆಯುವವನು ತನ್ನ ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು ಅವನ ಆಳಾಗುತ್ತಾನೆ, ನಿಷ್ಠೆಯ ಆಣೆಯಿಡುತ್ತಾನೆ, ಆಮೇಲೆ ಭೂಮಿಯ ಒಡೆತನ ಅವನಿಗೆ ವಿಧಿಪೂರ್ವಕವಾಗಿ ದೊರೆಯುತ್ತದೆ. ಇಬ್ಬರಿಗೂ ಕಟ್ಟುಪಾಡುಗಳಿವೆ, ತಪ್ಪಿದಾಗ ವಿಚಾರಿಸಲು ಸಮಾನರ ಸಭೆಯಿದೆ. 1220-1235ರ ನಡುವೆ ಐಕೆ ಫಾನ್ ರೆಪ್ಗೊ ಎಂಬವನು ಬರೆದ, ‘ಸ್ಯಾಕ್ಸನರ ಕನ್ನಡಿ’ ಎಂಬ ಅರ್ಥದ ಹೆಸರುಳ್ಳ ನ್ಯಾಯಗ್ರಂಥದಲ್ಲಿ ಸಮಾಜದ ಯೋಧವರ್ಗವನ್ನು ಏಳು ‘ಗುರಾಣಿ’ಗಳಾಗಿ ಜೋಡಿಸಲಾಗಿದೆ. ಮೊದಲನೆಯದು ದೊರೆಯದು, ಎರಡನೆಯದು ಧರ್ಮಪೀಠದ ಪ್ರಭುಗಳದು, ಮೂರನೆಯದು ಲೌಕಿಕ ಪ್ರಭುಗಳದು, ನಾಲ್ಕನೆಯದು ಸ್ವತಂತ್ರ ಒಡೆಯರದು, ಹೀಗೆ ಕೆಳಗಿಳಿಯುತ್ತದೆ. ತನಗೆ ಸಮಾನನಾದವನಿಂದ ಲೇನ್ ಪಡೆದವನು ಒಂದು ಗುರಾಣಿ ಕೆಳಗಿಳಿಯುತ್ತಾನೆ. ಏಳನೆಯ ಗುರಾಣಿಗೆ ಲೇನ್ ಹಕ್ಕು ಉಂಟೋ ಇಲ್ಲವೋ ತಿಳಿಯದು, ಲೋಕದ ಏಳನೆಯ ಯುಗ ಎಷ್ಟು ಕಾಲ ಇರುತ್ತದೆಂಬುದು ತಿಳಿಯದ ಹಾಗೆ, ಎನ್ನುತ್ತಾನೆ ಗ್ರಂಥಕಾರ. ಏಣಿಯ ಕೆಳತುದಿಗೆ ಬಂದಾಗ ಕಾನೂನು ಬಲ್ಲವನ ನಿಖರತೆಯೂ ಮಸುಕಾಗುತ್ತದೆ.

ಈ ಗ್ರಂಥದಲ್ಲಿ ಕಾಣುವ ಅಚ್ಚುಕಟ್ಟು ನೆಲದ ಮೇಲೆ ಇರಲಿಲ್ಲ. ಅನೇಕ ಸಣ್ಣ ಒಡೆಯರ ಭೂಮಿ ಲೇನ್ ಆಗಿರದೆ ವಂಶದ ಸ್ವಂತ ಆಸ್ತಿಯಾಗಿತ್ತು. ಇನ್ನು ಕೆಲವರು ಹುಟ್ಟಿನಿಂದ ಸ್ವತಂತ್ರರೇ ಅಲ್ಲ. ಒಡೆಯನ ಮನೆಯ ಊಳಿಗದಿಂದ ಮೇಲೇರಿ, ಕುದುರೆ ಹತ್ತಿ, ಕೋಟೆ ಕಾದು, ಎರಡು ಮೂರು ತಲೆಮಾರಿನಲ್ಲಿ ಒಡೆಯರೆನಿಸಿಕೊಂಡವರು. ಒಬ್ಬನೇ ಮೂರು ನಾಲ್ಕು ಪ್ರಭುಗಳಿಂದ ಲೇನ್ ಪಡೆದು ಎಲ್ಲರಿಗೂ ನಿಷ್ಠೆಯ ಆಣೆ ಇಟ್ಟಿರುವುದೂ ಉಂಟು. ಸುಸಾನ್ ರೆನಾಲ್ಡ್ಸ್ ಅವರು 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಫ್ಯೂಡಲ್ ವ್ಯವಸ್ಥೆಯ ಈ ಕಟ್ಟುನಿಟ್ಟಾದ ರೂಪ ಬಹುಮಟ್ಟಿಗೆ ಹನ್ನೆರಡನೆಯ ಶತಮಾನ ಮತ್ತು ಅದರಿಂದೀಚಿನ ನ್ಯಾಯಪಂಡಿತರ ಕಲ್ಪನೆಯೆಂದು ವಾದಿಸಿದರು. ಅವರ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಯುರೋಪಿನ ಅಳತೆಗೋಲನ್ನು ಸಿದ್ಧವಸ್ತುವೆಂದು ತಂದು ನಮ್ಮ ಶಾಸನಗಳ ಮೇಲಿಡುವ ಮುನ್ನ, ಆ ಕೋಲನ್ನೇ ಅಲ್ಲಿನವರು ಮತ್ತೆ ಅಳೆಯುತ್ತಿದ್ದಾರೆ ಎಂಬುದನ್ನು ನಾವು ತಿಳಿದಿರಬೇಕು.

ಧರ್ಮಸಂಸ್ಥೆಯೊಡನೆ ಕಿರಿಯ ಒಡೆಯನಿಗಿದ್ದ ಸಂಬಂಧದಲ್ಲಿ ಎರಡು ನಾಡುಗಳ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಜರ್ಮನ್ ನಾಡಿನಲ್ಲಿ ಕ್ರೈಸ್ತ ಮಠಗಳ ಭೂಮಿಗೆ ‘ಫೋಗ್ಟ್’ ಎಂಬ ಲೌಕಿಕ ರಕ್ಷಕನಿರುತ್ತಿದ್ದ. ಮಠದ ಪರವಾಗಿ ನ್ಯಾಯ ನಡೆಸುವುದು, ಶಸ್ತ್ರದಿಂದ ಕಾಯುವುದು ಅವನ ಕೆಲಸ. ಪ್ರತಿಯಾಗಿ ದಂಡದ ಹಣದಲ್ಲಿ ಪಾಲು, ರೈತರಿಂದ ಕಾಣಿಕೆ, ತಂಗಿದಾಗ ಊಟೋಪಚಾರ ಅವನ ಹಕ್ಕು. ಎಷ್ಟೋ ಸಣ್ಣ ಒಡೆತನಗಳು ಬೆಳೆದದ್ದೇ ಈ ರಕ್ಷಕ ಪದವಿಯಿಂದ, ಮಠಗಳು ತಮ್ಮ ರಕ್ಷಕನ ವಿರುದ್ಧವೇ ದೂರು ಹೇಳಿಕೊಂಡ ದಾಖಲೆಗಳೂ ಅಷ್ಟೇ ಇವೆ. ಅಲ್ಲಿ ಕಿರಿಯ ಒಡೆಯ ಮಠದಿಂದ ಪಡೆದು ಬೆಳೆದ. ತೇರಿದಾಳದಲ್ಲಿ ಕಿರಿಯ ಒಡೆಯ ಬಸದಿಗೆ ಕೊಟ್ಟು ಬೆಳೆದ. ನಮ್ಮ ಶಾಸನಗಳ ಕೊನೆಯ ಶಾಪಾಶಯ ಭಾಗವನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ಆದರೆ ದಾನವನ್ನು ಅಳಿದವನಿಗೆ ಅಲ್ಲಿ ಹಾಕಿದ ಶಾಪ ಮುಂದಿನ ಒಡೆಯನನ್ನೇ, ಅಂದರೆ ಕೊಟ್ಟವನ ಮಗನನ್ನೂ ಮೊಮ್ಮಗನನ್ನೂ ಗುರಿಯಾಗಿಟ್ಟುಕೊಂಡದ್ದು. ಫೋಗ್ಟ್ ಮಾಡಿದ್ದನ್ನು ಮಾಡಬೇಡವೆಂಬ ಎಚ್ಚರಿಕೆಯದು.

ನೆತ್ತರಿನ ಬೆಲೆಗೆ ಕೊಟ್ಟ ಹನ್ನೆರಡು

ಹಾಗಾದರೆ ಸೇವೆಗಾಗಿ ಭೂಮಿ ಕೊಡುವ ಪದ್ಧತಿ ಕನ್ನಡನಾಡಿನಲ್ಲಿ ಇರಲಿಲ್ಲವೇ? ಧಾರಾಳವಾಗಿ ಇತ್ತು, ಅದಕ್ಕೆ ಕನ್ನಡದ್ದೇ ಮಾತುಗಳೂ ಇದ್ದವು. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ, ಅಣುಗಜೀವಿತ ಇವೆಲ್ಲ ಶಾಸನಗಳಲ್ಲಿ ಸಿಗುವ ಪದಗಳು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ವೀರಜೀವನವನ್ನು ವಿವರಿಸುವಾಗ ಇಂಥ ಕೊಡುಗೆಗಳತ್ತ ಗಮನ ಸೆಳೆದಿದ್ದಾರೆ. ಇವುಗಳಲ್ಲಿ ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ್ದು ಜಮಖಂಡಿ ಸೀಮೆಯಿಂದ ದೂರದ, ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲು. ಸುಮಾರು ಕ್ರಿ.ಶ. 900ರ ಹೊತ್ತಿಗೆ ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರನು ಮಡಿದನು. ಅದನ್ನು ಕೇಳಿ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಹಳ್ಳಿಗಳ ಹೆಸರುಗಳನ್ನು ಶಾಸನ ಒಂದೊಂದಾಗಿ ಹೇಳುತ್ತದೆ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅಲ್ಲಿಯೂ ಹನ್ನೆರಡು, ಇಲ್ಲಿಯೂ ಹನ್ನೆರಡು. ಆದರೆ ಎರಡೂ ಒಂದೇ ಬಗೆಯ ಒಡೆತನವಲ್ಲ. ಬೇಗೂರಿನಲ್ಲಿ ಕೊಟ್ಟವನು ಯಾರು, ಪಡೆದವನು ಯಾರು, ಏತಕ್ಕಾಗಿ, ಯಾವ ಯಾವ ಹಳ್ಳಿ ಎಂಬುದೆಲ್ಲ ಸ್ಪಷ್ಟ. ಪಟ್ಟ ಕಟ್ಟುವ ವಿಧಿಯೂ ಇದೆ. ಜರ್ಮನ್ ನಾಡಿನ ಲೇನ್ ಪದ್ಧತಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನ ಸಿಗುವುದು ಕಷ್ಟ. ಇದನ್ನು ಊಳಿಗಮಾನ್ಯ ಎನ್ನುವುದಾದರೆ ಅನ್ನಬಹುದು. ವ್ಯತ್ಯಾಸವೊಂದಿದೆ: ಲೇನ್ ಪಡೆದವನು ಮುಂದೆ ಸಲ್ಲಿಸಬೇಕಾದ ಸೇವೆಗಾಗಿ ಪಡೆಯುತ್ತಾನೆ, ಇಲ್ಲಿ ಭೂಮಿ ಬಂದದ್ದು ಆಗಲೇ ಚೆಲ್ಲಿದ ನೆತ್ತರಿಗಾಗಿ. ಗೊಂಕನದು ಇದಾವುದೂ ಅಲ್ಲ. ಅವನ ಬಸದಿ, ಅವನ ಗುರು, ಅವನ ಊರು ಅವನನ್ನು ಮಂಡಳಿಕನೆಂದು ನಿಲ್ಲಿಸಿವೆ. ಮೇಲಿನ ಒಡೆಯ ಆ ಸ್ಥಿತಿಯನ್ನು ಉಂಟುಮಾಡುವುದಕ್ಕಿಂತ ಹೆಚ್ಚಾಗಿ ಅಂಗೀಕರಿಸುತ್ತಾನೆ.

ಆರ್.ಎಸ್. ಶರ್ಮರ ‘ಇಂಡಿಯನ್ ಫ್ಯೂಡಲಿಸಂ’ (1965) ಭೂದಾನಗಳಿಂದ ರಾಜ್ಯಾಧಿಕಾರ ಮೇಲಿನಿಂದ ಒಡೆದು ಹೋಯಿತೆಂದು ವಾದಿಸಿತು. ಬರ್ಟನ್ ಸ್ಟೈನ್ 1980ರಲ್ಲಿ ದಕ್ಷಿಣದ ರಾಜ್ಯಗಳು ಅಂಗಾಂಗಗಳಾಗಿ ಕೂಡಿಕೊಂಡ ಸಡಿಲ ರಚನೆಗಳೆಂದರು. ಬಿ.ಡಿ. ಚಟ್ಟೋಪಾಧ್ಯಾಯರು ಸ್ಥಳೀಯ ಒಡೆತನಗಳು ಕೆಳಗಿನಿಂದ ಹುಟ್ಟಿ ದೊಡ್ಡ ರಾಜ್ಯದೊಳಗೆ ಸೇರಿಕೊಂಡ ಪ್ರಕ್ರಿಯೆಯನ್ನು ಒತ್ತಿ ಹೇಳಿದರು. ತೇರಿದಾಳದ ಮಟ್ಟಿಗೆ ಮೂರನೆಯ ಅಭಿಪ್ರಾಯವೇ ಹೆಚ್ಚು ಹೊಂದುತ್ತದೆ ಎಂದು ನನಗೆ ತೋರುತ್ತದೆ. ಬೇಗೂರಿಗೆ ಅದು ಅಷ್ಟಾಗಿ ಹೊಂದದು. ಒಂದೇ ಸಿದ್ಧಾಂತ ಎರಡು ಹನ್ನೆರಡುಗಳನ್ನು ಅರಗಿಸಿಕೊಳ್ಳಬೇಕೆಂಬ ಹಟ ನಮಗೇಕೆ ಬೇಕು?

ನೆರೆಯ ಸಿಂದರನ್ನು ಇಲ್ಲಿ ನೆನೆಯಬೇಕು. ಬಾಗಡಗೆ ಎಪ್ಪತ್ತು ಇಂದಿನ ಬಾಗಲಕೋಟೆಯ ಸೀಮೆ. ಬಾಗಲಕೋಟೆ ತಾಲೂಕಿನ ಭೈರನಮಟ್ಟಿಯ ಶಾಸನ ಅವರ ಮೂಲಪುರುಷನಾದ ಸಿಂದನನ್ನು ಅಹಿಚ್ಛತ್ರದಲ್ಲಿ ನಾಗರಾಜ ಧರಣೇಂದ್ರನಿಗೆ ಹುಟ್ಟಿದವನೆಂದೂ ಹುಲಿಯ ಹಾಲು ಕುಡಿದು ಬೆಳೆದವನೆಂದೂ ಹೇಳುತ್ತದೆ. ಹುಲಿ ಅವರ ಲಾಂಛನವಾಯಿತು. ಎರಡನೆಯ ತೈಲಪನ ಕಾಲದ ಪುಳಿಕಾಲ, ಜಯಸಿಂಹನ ಕಾಲದ ನಾಗಾದಿತ್ಯ ಅದೇ ಶಾಸನದಲ್ಲಿ ಬರುತ್ತಾರೆ. ಎಪ್ಪತ್ತು ಹಳ್ಳಿಗಳ ವಂಶ ತನಗೊಂದು ಪುರಾಣವನ್ನು ಕಟ್ಟಿಕೊಂಡದ್ದು ಗಮನಾರ್ಹ: ಒಡೆತನ ಚಕ್ರವರ್ತಿಯಿಂದ ಬಂದದ್ದಲ್ಲ, ನಾಗಲೋಕದಿಂದ ಬಂದದ್ದು ಎಂಬ ಘೋಷಣೆ ಅದರಲ್ಲಿದೆ. ಯಲಬುರ್ಗೆಯ ಸಿಂದಶಾಖೆ ಹನ್ನೆರಡನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು, ಕೆಲವಾಡಿ ಮುನ್ನೂರು, ಬಾಗಡಗೆ ಎಪ್ಪತ್ತು, ನರೆಯಂಗಲ್ಲು ಹನ್ನೆರಡುಗಳನ್ನು ಒಟ್ಟುಗೂಡಿಸಿಕೊಂಡು ಬೆಳೆಯಿತು. ಸಣ್ಣ ಸಂಖ್ಯೆಗಳನ್ನು ಕೂಡಿಸುತ್ತ ಹೋಗುವುದೇ ಅಂದಿನ ರಾಜಕೀಯ ಬೆಳವಣಿಗೆಯ ಲೆಕ್ಕ. 1163ರಲ್ಲಿ ಪಟ್ಟದಕಲ್ಲಿನಲ್ಲಿ ಎರಡನೆಯ ಚಾವುಂಡನ ರಾಣಿ ದೇಮಲದೇವಿ ತನ್ನ ಮಗ ಆಚಿದೇವನೊಡನೆ ಆಳುತ್ತಿದ್ದಳು. ಅವನ ಮತ್ತೊಬ್ಬ ರಾಣಿ ಸಿರಿಯಾದೇವಿ ಕಳಚುರಿ ಬಿಜ್ಜಳನ ಮಗಳು. ಚಾಲುಕ್ಯ ಸಿಂಹಾಸನವನ್ನು ಬಿಜ್ಜಳನು ವಶಪಡಿಸಿಕೊಂಡ ಗೊಂದಲದ ಕಾಲದಲ್ಲಿ ಇಂಥ ಮದುವೆ ಎಷ್ಟು ದೊಡ್ಡ ರಕ್ಷೆಯೆಂಬುದನ್ನು ಹೇಳಬೇಕಾಗಿಲ್ಲ.

ಕಲ್ಲಿನ ಮೇಲೆ ಮತ್ತೆ ಬರೆದವರು

ತೇರಿದಾಳದ ಶಾಸನ ಗೊಂಕನ ಬರಹದೊಡನೆ ಮುಗಿಯುವುದಿಲ್ಲ. ಮುಂದಿನ ಕಾಲದ ದತ್ತಿಗಳೂ ಅದೇ ಕಲ್ಲಿನಲ್ಲಿ ಸೇರಿಕೊಂಡಿವೆ. ಕ್ರಿ.ಶ. 1187ರ ಹೊತ್ತಿಗೆ ವಿಕ್ರಮಾದಿತ್ಯ ಕಾಲವಾಗಿ ಅರವತ್ತು ವರ್ಷ ಕಳೆದಿದ್ದವು. ಕಳಚುರಿಗಳು ಬಂದು ಹೋಗಿದ್ದರು. ನಾಲ್ಕನೆಯ ಸೋಮೇಶ್ವರನು ಚಾಲುಕ್ಯ ಗದ್ದುಗೆಯನ್ನು ಮರಳಿ ಏರಿದ್ದನು. ಆಗ ಕೂಂಡಿ ಮೂರುಸಾಸಿರದ ಮೇಲೆ ಭಾಯಿದೇವನೆಂಬ ದಂ‌ಡನಾಯಕನ ಹೆಸರು ಕಾಣಿಸಿಕೊಳ್ಳುತ್ತದೆ. ಮಹಾಮಂಡಳೇಶ್ವರನಿದ್ದ ಎಡೆಯಲ್ಲಿ ಅಧಿಕಾರಿಯೊಬ್ಬ ಬಂದದ್ದು ಮೇಲಿನ ಮೆಟ್ಟಿಲುಗಳು ಹೇಗೆ ಅಲುಗಾಡುತ್ತಿದ್ದವೆಂಬುದಕ್ಕೆ ಸಾಕ್ಷಿ.

ಅದೇ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರು, ಅಂದರೆ ಐಹೊಳೆಯನ್ನು ಮೂಲವೆಂದು ಹೇಳಿಕೊಂಡ ವೀರಬಣಂಜು ವರ್ತಕಸಂಘದವರು, ತಮ್ಮ ಭವ್ಯವಾದ ಪ್ರಶಸ್ತಿಯೊಡನೆ ಬರುತ್ತಾರೆ. ಕೊಲ್ಲಾಪುರದಲ್ಲಿಯೂ ಇದೇ ಕ್ರಮ: 1135ರಲ್ಲಿ ನಿಂಬದೇವನು ಕವಡೆಗೊಳ್ಳದ ಸಂತೆಯಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ವರ್ತಕರು ತಮ್ಮ ಸರಕುಗಳ ಮೇಲಿನ ಆಯವನ್ನು ಬಿಟ್ಟರು. ಒಡೆಯನ ದಾನ ಭೂಮಿಯಾದರೆ ವರ್ತಕರ ದಾನ ಸರಕಿನ ಮೇಲಿನ ಸಣ್ಣ ಸಣ್ಣ ಪಾಲು. ಹೇರೆತ್ತುಗಳು ಬಂದುಹೋಗುವವರೆಗೆ ಆ ಆದಾಯ ನಿಲ್ಲುವುದಿಲ್ಲ. ಅದು ಯಾವ ಒಬ್ಬ ಒಡೆಯನ ಬಾಳನ್ನೂ ಅವಲಂಬಿಸಿಲ್ಲ. ಬಸದಿಯನ್ನು ಆರಂಭಿಸಿದವನು ಗೊಂಕ. ಅದು ಊರಿನ ಸಂಸ್ಥೆಯಾಗಿ ನಿಂತದ್ದು ಈ ಸಾಮೂಹಿಕ ದತ್ತಿಗಳ ಬಲದಿಂದ. ಒಬ್ಬ ಮಂಡಳಿಕನ ಕೀರ್ತಿಗಾಗಿ ನಿಲ್ಲಿಸಿದ ಕಲ್ಲು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಊರಿನ ದಫ್ತರವಾಗಿತ್ತು. ಸಣ್ಣ ಒಡೆತನದ ಚರಿತ್ರೆಯನ್ನು ವಂಶಾವಳಿಯಾಗಿ ಮಾತ್ರ ಬರೆಯಹೊರಟರೆ ಈ ಮುಖ್ಯ ಸಂಗತಿ ಕೈತಪ್ಪುತ್ತದೆ.

ರಟ್ಟರು 1228ರವರೆಗೆ ಸವದತ್ತಿಯ ಶಾಸನದಲ್ಲಿ ಕಾಣಿಸುತ್ತಾರೆ. ಅನಂತರ ದೇವಗಿರಿಯ ಸೇವುಣ ಸಿಂಘಣನ ಸೇನಾಪತಿ ವೀಚಣನು ಅವರನ್ನು ಅಡಗಿಸಿದನು.

ಪದಕ್ಕೆ ತಕ್ಕ ಕಾಲ

ಊಳಿಗಮಾನ್ಯ ಎಂಬ ಪದಕ್ಕೆ ನಿಜವಾಗಿ ತಕ್ಕ ವ್ಯವಸ್ಥೆ ಇದೇ ಸೀಮೆಯಲ್ಲಿ ಬಂದದ್ದು ಮುಂದಿನ ಶತಮಾನಗಳಲ್ಲಿ. ಮುಧೋಳದ ಘೋರ್ಪಡೆ ಮನೆತನ ತನ್ನ ಜಹಗೀರಿಯ ಮೂಲವನ್ನು ಬಹಮನಿ ಸುಲ್ತಾನರ ಫರ್ಮಾನುಗಳಿಗೆ ಒಯ್ಯುತ್ತದೆ. ಉಡದ ನೆರವಿನಿಂದ ಖೇಳ್ಣಾ ಕೋಟೆಯನ್ನೇರಿ ಗೆದ್ದುದರಿಂದ ಆ ಹೆಸರು ಬಂತೆಂದು ಐತಿಹ್ಯ. ಆ ಫರ್ಮಾನುಗಳ ಪ್ರಾಮಾಣಿಕತೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೂ ಒಂದು ಮಾತು ಉಳಿಯುತ್ತದೆ: ತನ್ನ ಒಡೆತನವನ್ನು ಸಮರ್ಥಿಸಲು ಸಿಂದರಿಗೆ ಹುಲಿಯ ಹಾಲಿನ ಕಥೆ ಸಾಕಾಗಿತ್ತು, ಘೋರ್ಪಡೆಯವರಿಗೆ ಮುದ್ರೆಯೊತ್ತಿದ ಕಾಗದ ಬೇಕಾಯಿತು. ಒಡೆತನದ ಆಧಾರವೇ ಬದಲಾಗಿತ್ತು. ಪೇಶವೆ ಮಾಧವರಾಯನ ಕಾಲದಲ್ಲಿ ಪಟವರ್ಧನರಿಗೆ ದೊರೆತ ಸರಂಜಾಮು ಇನ್ನೂ ಸ್ಪಷ್ಟ. ಕುದುರೆದಂಡನ್ನು ಸಾಕಿ ಪೇಶವೆಯ ಸೇವೆಗೆ ಒದಗಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಸೀಮೆಯದು. ಸೇವೆ, ಭೂಮಿ, ಷರತ್ತು ಮೂರೂ ಇಲ್ಲಿ ಕೂಡಿವೆ. ಐಕೆ ಫಾನ್ ರೆಪ್ಗೊ ಇದನ್ನು ಕಂಡಿದ್ದರೆ ಗೊಂಕನ ಒಡೆತನಕ್ಕಿಂತ ಬೇಗ ಗುರುತು ಹಿಡಿಯುತ್ತಿದ್ದನು.

ಆ ಸರಂಜಾಮು ಮನೆತನದ ಪಾಲುಗಳಾದಾಗ ಹಳೆಯ ನಾಡುಗಳ ಗೆರೆಗಳು ಹರಿದುಹೋದವು. ಜಮಖಂಡಿ ಒಂದು ಸಂಸ್ಥಾನವಾಯಿತು; ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿತು. ಒಂದಕ್ಕೊಂದು ತಾಗಿಕೊಂಡಿರುವ ನೇಕಾರರ ಊರುಗಳಲ್ಲಿ ರಬಕವಿ ಸಾಂಗಲಿಗೂ ಬನಹಟ್ಟಿ ಜಮಖಂಡಿಗೂ ಸೇರಿ, 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಎರಡು ಕಚೇರಿಗಳಿಗೆ ಅಲೆದವು. ನಮ್ಮ ಮನಸ್ಸಿನಲ್ಲಿರುವ ‘ಪಾಳೆಯಗಾರ’, ‘ಜಹಗೀರದಾರ’, ‘ಸಂಸ್ಥಾನಿಕ’ನ ಚಿತ್ರ ಈ ಈಚಿನ ಕಾಲದ್ದು. ಅದನ್ನು ಎಂಟು ಶತಮಾನ ಹಿಂದಕ್ಕೊಯ್ದು ಗೊಂಕನ ಮೇಲೆ ಹೊದಿಸಿದಾಗ ಶಾಸನದ ಮಾತು ಕೇಳಿಸುವುದಿಲ್ಲ.

ಇನ್ನು ಆಗಬೇಕಾದ ಕೆಲಸವೊಂದನ್ನು ಸೂಚಿಸಬಹುದು. ಬೇಗೂರಿನ ಹನ್ನೆರಡು ಹಳ್ಳಿಗಳನ್ನು ಕಲ್ಲೇ ಎಣಿಸಿಕೊಟ್ಟಿದೆ. ತೇರಿದಾಳದ ಹನ್ನೆರಡನ್ನು ಹಾಗೆ ನೆಲದ ಮೇಲೆ ಗುರುತಿಸಬೇಕಾದರೆ ಜಮಖಂಡಿ, ಗೋಕಾಕ, ಹಾಗೂ ಶಾಸನಗಳ ಹೂವಿನಬಾಗೆಯಾದ ರಾಯಬಾಗ ಸೀಮೆಗಳ ರಟ್ಟ ಶಾಸನಗಳಲ್ಲಿ ಬರುವ ಎಲ್ಲೆಯ ಗುರುತುಗಳನ್ನೂ ಕೆರೆ, ಹಳ್ಳ, ಹೆದ್ದಾರಿಗಳ ಹೆಸರುಗಳನ್ನೂ ಒಟ್ಟಿಗಿಟ್ಟು, ಕೃಷ್ಣೆಯ ದಡದ ಹಳ್ಳಿಗಳಲ್ಲಿ ನಡೆದು ನೋಡಬೇಕು. ಜಂಬುಖಂಡಿ ಎಪ್ಪತ್ತರ ಪಶ್ಚಿಮದ ಅಂಚು ಎಲ್ಲಿಗೆ ಮುಗಿದು ತೇರಿದಾಳ ಹನ್ನೆರಡು ಎಲ್ಲಿಂದ ಮೊದಲಾಗುತ್ತದೆಂಬುದು ಆಗ ತಿಳಿದೀತು.